ಕಾಟ್ ಇನ್ ಟೈಮ್ (2020): ಸಿನಿಮಾದ ದರೋಡೆಕೋರ, ಅಸಲಿ ದರೋಡೆಕೋರ

ರಾತ್ರಿಪಾಳಿ
ಶನಿವಾರ 'ಕಾಟ್ ಇನ್ ಟೈಮ್' ನೋಡಿದೆ. ಇಲ್ಲಿ ಇದರ ಬಗ್ಗೆ ಯಾರೂ ಮಾತಾಡಿದ ಹಾಗಿಲ್ಲ, ಅದಕ್ಕೆ ಶುರು ಮಾಡ್ತಿದ್ದೇನೆ. ಚೀನಾದಲ್ಲಿ 2020ರ ನವೆಂಬರ್‌ನಲ್ಲಿ ಬಂದ ಸಿನಿಮಾ. ಕಥೆ ನಡೆಯೋದು 1990ರ ದಶಕದಲ್ಲಿ. ಬ್ಯಾಂಕಿನ ಹಣದ ಗಾಡಿ, ಚಿನ್ನದಂಗಡಿ ಅಂತ ಸಾಲಾಗಿ ದೋಚುವ ಒಂದು ಗ್ಯಾಂಗು, ವರ್ಷಗಟ್ಟಲೆ ಅದರ ಬೆನ್ನು ಬಿದ್ದ ಒಬ್ಬ ಪೊಲೀಸ್. ಅಷ್ಟೇ ಕಥೆ. ಒಂದೂವರೆ ಗಂಟೆಯಲ್ಲಿ ಮುಗಿದು ಹೋಗುತ್ತೆ. ನಮ್ಮಲ್ಲಿ ಆ ಹೊತ್ತಿಗೆ ಹೀರೋ ಎಂಟ್ರಿ ಹಾಡು ಮುಗಿದು ಇಂಟರ್‌ವಲ್ ಬಂದಿರುತ್ತೆ.

ದರೋಡೆಕೋರನ ಪಾತ್ರದಲ್ಲಿ ಡೇನಿಯಲ್ ವೂ, ಪೊಲೀಸ್ ಆಗಿ ವಾಂಗ್ ಚಿಯಾನ್‌ಯುವಾನ್. ಸಾರ್ವಜನಿಕ ಸ್ನಾನದ ಮನೆಯಲ್ಲಿ ಇಬ್ಬರೂ ಹೊಡೆದಾಡುವ ದೃಶ್ಯ ಇದೆಯಲ್ಲ, ಅದನ್ನು ಹಿಂದಕ್ಕೆ ಹಾಕಿ ಮತ್ತೆ ನೋಡಿದೆ. ಒದ್ದೆ ನೆಲ, ಹಬೆ, ಹಿಡಿದುಕೊಳ್ಳೋಕೆ ಬಟ್ಟೆ ಕೂಡ ಇಲ್ಲ. ಇಬ್ಬರೂ ಜಾರುತ್ತಾರೆ, ಬೀಳುತ್ತಾರೆ, ಉಸಿರು ಕಟ್ಟುತ್ತೆ. ಹಗ್ಗ ಕಟ್ಟಿ ಹಾರಿಸುವ ಫೈಟ್ ನೋಡಿ ಸಾಕಾದವರಿಗೆ ಇದು ಹಬ್ಬ.

ನಿಜವಾದ ದರೋಡೆಗಳಿಂದ ಬಂದ ಕಥೆ ಅಂತ ಕೇಳಿದೆ. ಎಷ್ಟು ನಿಜ? ಗೊತ್ತಿದ್ದವರು ಹೇಳಿ. ಕೊನೆ ಗೊತ್ತಾಗಬಾರದು ಅನ್ನುವವರು ಇಲ್ಲಿಂದ ಕೆಳಗೆ ಓದಬೇಡಿ.

ಕಡ್ಲೆಪುರಿ
ಚೀನಾ ಪೊಲೀಸ್ ಸಿನಿಮಾಗೆ ಸ್ಪಾಯ್ಲರ್ ಎಚ್ಚರಿಕೆ ಯಾಕೆ ಗುರು? ಕಳ್ಳ ಸಿಕ್ಕಿಬೀಳ್ತಾನೆ. ಸೆನ್ಸಾರ್ ಸರ್ಟಿಫಿಕೇಟ್ ಬಿದ್ದಾಗಲೇ ಗೊತ್ತು.

ರಾತ್ರಿಪಾಳಿ
ಸಿಕ್ಕಿಬೀಳೋದು ಗೊತ್ತಿದ್ದರೂ ನಾನು ಉಗುರು ಕಚ್ಚಿಕೊಂಡೇ ನೋಡಿದ್ದು. ಅದೇ ಈ ಸಿನಿಮಾದ ಕೆಲಸ ಅಲ್ವಾ?

ಹಳೇಪ್ರೊಜೆಕ್ಟರ್
ಇದು ಝಾಂಗ್ ಜುನ್ ಪ್ರಕರಣ. ಸಿನಿಮಾದಲ್ಲಿ ಊರೂ ಕಲ್ಪಿತ, ಹೆಸರುಗಳೂ ಕಲ್ಪಿತ. ಆದರೆ ಚೀನಾದಲ್ಲಿ ಆ ಕಾಲ ಕಂಡವರು ಮೊದಲ ಹದಿನೈದು ನಿಮಿಷದಲ್ಲೇ ಗುರುತು ಹಿಡಿದಿರುತ್ತಾರೆ. ದರೋಡೆಕೋರನಿಗೆ ಝಾಂಗ್ ಅನ್ನುವ ಮನೆತನದ ಹೆಸರನ್ನೇ ಉಳಿಸಿದ್ದಾರೆ.

ಅಸಲಿ ಝಾಂಗ್ ಜುನ್ ಹುನಾನ್ ಪ್ರಾಂತ್ಯದ ಆನ್‌ಶಿಯಾಂಗ್ ಅನ್ನುವ ಕೌಂಟಿಯವನು. ಹುಟ್ಟಿದ್ದು 1966ರಲ್ಲಿ, ಬಡ ರೈತರ ಮನೆಯಲ್ಲಿ. ತೊಂಬತ್ತರ ದಶಕದ ಮೊದಲಿಂದ 2000ದವರೆಗೆ ಹುನಾನ್, ಹುಬೇ, ಚೊಂಗ್‌ಚಿಂಗ್ ಈ ಮೂರು ಕಡೆ ಓಡಾಡಿಕೊಂಡು ದೋಚಿದ. ಚಿನ್ನದಂಗಡಿ ಇರುವ ದೊಡ್ಡ ಮಳಿಗೆಗಳೇ ಅವನ ಗುರಿ. ಚೊಂಗ್‌ಚಿಂಗ್, ಚಾಂಗ್ಶಾ, ವುಹಾನ್, ಒಂದಾದ ಮೇಲೊಂದು. 1999ರ ಜನವರಿಯಲ್ಲಿ ವುಹಾನ್‌ನ ದೊಡ್ಡ ಮಾಲ್‌ಗೆ ನುಗ್ಗಿ ಆಭರಣ ದೋಚಿದ್ದು ದೇಶದಲ್ಲೆಲ್ಲಾ ಸುದ್ದಿಯಾಯಿತು. ಒಟ್ಟು 28 ಜನರನ್ನು ಕೊಂದರು. ದೋಚಿದ್ದು 50 ಲಕ್ಷ ಯುವಾನ್‌ಗೂ ಜಾಸ್ತಿ.

ಕೊನೆಯದು 2000ದ ಸೆಪ್ಟೆಂಬರ್ 1. ಹುನಾನ್‌ನ ಚಾಂಗ್ಡೆ ನಗರದಲ್ಲಿ ಕೃಷಿ ಬ್ಯಾಂಕಿನ ಶಾಖೆ ಎದುರು ಹಣದ ಗಾಡಿ ಮೇಲೆ ದಾಳಿ ಮಾಡಿದರು. 7 ಜನ ಸತ್ತರು. ಅಲ್ಲಿಂದ ಮೂರು ವಾರ ಕೂಡ ಕಳೆಯಲಿಲ್ಲ, ಸೆಪ್ಟೆಂಬರ್ 19ರಂದು ಚೊಂಗ್‌ಚಿಂಗ್‌ನಲ್ಲಿ ಸಿಕ್ಕಿಬಿದ್ದ. 2001ರ ಏಪ್ರಿಲ್‌ನಲ್ಲಿ ಚೊಂಗ್‌ಚಿಂಗ್, ಚಾಂಗ್ಡೆ ಎರಡೂ ಕಡೆ ವಿಚಾರಣೆ ನಡೆದು, ಮೇ 20ರಂದು ಗುಂಡಿಕ್ಕಿ ಮರಣದಂಡನೆ. ಜೊತೆಗಾರರಿಗೂ ಅದೇ ಗತಿ.

ಶರಾವತಿ
28 ಜನ. ಸಿನಿಮಾ ನೋಡುವಾಗ ಆ ಲೆಕ್ಕದ ಭಾರ ನಿಮಗ್ಯಾರಿಗಾದರೂ ತಟ್ಟಿತಾ? ನನಗೆ ತಟ್ಟಲಿಲ್ಲ. ಗುಂಡು ಹಾರುತ್ತೆ, ಗಾಜು ಒಡೆಯುತ್ತೆ, ಯಾರೋ ಬೀಳುತ್ತಾರೆ, ಕ್ಯಾಮೆರಾ ಮುಂದೆ ಹೋಗುತ್ತೆ. ಬಿದ್ದವರು ಯಾರು, ಅಂಗಡಿಯ ಹುಡುಗಿಯಾ, ಗಾಡಿ ಕಾಯುವವನಾ ಅಂತ ತಿರುಗಿ ನೋಡಲ್ಲ. ಡೇನಿಯಲ್ ವೂ ಮುಖದ ಮೇಲೆ ಮಾತ್ರ ಬೆಳಕು ಎಷ್ಟು ಚೆನ್ನಾಗಿ ಬೀಳುತ್ತೆ ಅಂತೀರಿ!

ಕಡ್ಲೆಪುರಿ
ಅಕ್ಕಾ, ಡೇನಿಯಲ್ ವೂ ಮುಖಕ್ಕೆ ಟ್ಯೂಬ್‌ಲೈಟ್ ಹಾಕಿದರೂ ಬೆಳಕು ಚೆನ್ನಾಗೇ ಬೀಳುತ್ತೆ.

ಶರಾವತಿ
ನಾನು ಹೇಳ್ತಿರೋದೂ ಅದನ್ನೇ ತಮ್ಮಾ. ಆ ಮುಖ ಕೊಟ್ಟ ಮೇಲೆ ಕೊಲೆಗಾರ ಹೇಗೆ ಕಾಣ್ತಾನೆ? ಅಸಲಿ ಮನುಷ್ಯನ ಗ್ಯಾಂಗಿನಲ್ಲಿ ಹೆಂಗಸರೂ ಇದ್ದರು, ಅವರಿಗೂ ಶಿಕ್ಷೆಯಾಯಿತು. ಅವರ ಮನೆಗಳಲ್ಲೇ ಅವನು ಅಡಗಿಕೊಳ್ಳುತ್ತಿದ್ದ. ಹೊಸದಾಗಿ ಸೇರಿದವರ ಕೈಯಿಂದ ಮೊದಲೊಂದು ಕೊಲೆ ಮಾಡಿಸಿ, ಆಮೇಲೆ ಬಿಟ್ಟು ಹೋಗದ ಹಾಗೆ ಕಟ್ಟಿಹಾಕುತ್ತಿದ್ದ ಅಂತ ವಿಚಾರಣೆ ಸಮಯದ ವರದಿಗಳಲ್ಲಿ ಬಂದಿತ್ತು. ಅದು ಪ್ರೇಮವೂ ಅಲ್ಲ, ಸ್ಟೈಲೂ ಅಲ್ಲ. ಸಿನಿಮಾದಲ್ಲಿ ದರೋಡೆಕೋರನ ಹುಡುಗಿಯ ಕಥೆ ಒಂದು ಬೇಸರದ ಲವ್ ಸ್ಟೋರಿ ಥರ ಬಂದು ಹೋಗುತ್ತೆ. ಜೆಸ್ಸಿ ಲಿ ಅಂಥ ನಟಿಗೆ ಮಾಡೋಕೆ ಕೆಲಸವೇ ಇಲ್ಲ.

ಹಳೇಪ್ರೊಜೆಕ್ಟರ್
ಜೆಸ್ಸಿ ಲಿ ವಿಷಯದಲ್ಲಿ ನೂರಕ್ಕೆ ನೂರು ಒಪ್ಪಿದೆ. 'ಪೋರ್ಟ್ ಆಫ್ ಕಾಲ್' (2015) ಅಂತ ಹಾಂಕಾಂಗ್ ಸಿನಿಮಾ ಇದೆ. ಅದೂ ನಿಜವಾದ ಕೊಲೆ ಪ್ರಕರಣದಿಂದಲೇ ಬಂದದ್ದು. ಅದರಲ್ಲಿ ಸತ್ತ ಹುಡುಗಿಯ ಪಾತ್ರ ಈಕೆಯದು, ಹಾಂಕಾಂಗ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿಯೂ ಬಂತು. ಅಲ್ಲಿ ಕೊಲೆಯಾದವಳು ಯಾರು, ಏನು ತಿನ್ನುತ್ತಿದ್ದಳು, ಯಾಕೆ ಒಂಟಿಯಾಗಿದ್ದಳು ಅನ್ನೋದೇ ಸಿನಿಮಾ. ನೀವು ಇಲ್ಲಿ ಇಲ್ಲ ಅಂತಿರೋದು ಅಲ್ಲಿ ಇದೆ, ನೋಡಿ ಮೇಡಂ. ಆದರೆ ಗಟ್ಟಿ ಮನಸ್ಸು ಬೇಕು.

ಇನ್ನೊಂದು. ಪೊಲೀಸ್ ಆಗಿರುವ ವಾಂಗ್ ಚಿಯಾನ್‌ಯುವಾನ್ ಇದಕ್ಕೆ ಐದು ವರ್ಷ ಮೊದಲು 'ಸೇವಿಂಗ್ ಮಿಸ್ಟರ್ ವೂ' ಸಿನಿಮಾದಲ್ಲಿ ಅಪಹರಣಕಾರ. 2004ರಲ್ಲಿ ಬೀಜಿಂಗ್‌ನಲ್ಲಿ ವೂ ರುವೋಫು ಅನ್ನುವ ನಟನನ್ನು ನಿಜವಾಗಿಯೂ ಅಪಹರಿಸಿದ್ದರು, ಅದರ ಕಥೆ. ಅಪಹರಣಕ್ಕೊಳಗಾದ ನಟನ ಪಾತ್ರ ಮಾಡಿದ್ದು ಆಂಡಿ ಲಾವ್. ಅಸಲಿ ವೂ ರುವೋಫು ಅದೇ ಸಿನಿಮಾದಲ್ಲಿ ಪೊಲೀಸ್ ಅಧಿಕಾರಿಯಾಗಿ ಬರುತ್ತಾರೆ! ತನ್ನದೇ ಕಥೆಯಲ್ಲಿ ತನ್ನನ್ನು ಹುಡುಕುವ ಪಾತ್ರ. ಅದರಲ್ಲಿ ವಾಂಗ್ ಸುಮ್ನೆ ಕೂತು ನಗುವ ದೃಶ್ಯ ಒಂದಿದ್ದರೂ ಬೆನ್ನು ತಣ್ಣಗಾಗುತ್ತೆ.

ರಾತ್ರಿಪಾಳಿ
ಹಾಗಾದರೆ ಪಾತ್ರಗಳನ್ನು ಅದಲು ಬದಲು ಮಾಡಬೇಕಿತ್ತು ಅನ್ನಿ. ವಾಂಗ್ ಕಳ್ಳ, ಡೇನಿಯಲ್ ವೂ ಪೊಲೀಸ್.

ಶರಾವತಿ
ಹೌದು! ಆಗ ನೋಡೋಕೆ ಹೋಗುವವರು ಕಮ್ಮಿ ಆಗ್ತಿದ್ದರು, ಸಿನಿಮಾ ಮಾತ್ರ ಇದಕ್ಕಿಂತ ದೊಡ್ಡದಾಗ್ತಿತ್ತು.

ಧಾರವಾಡದವ
ನೋಡ್ರಿ, ನನಗ ಈ ವಾದ ಪೂರ್ತಿ ಒಪ್ಪಿಗೆ ಇಲ್ಲ. ಕೆಟ್ಟವನು ಕೆಟ್ಟದಾಗೇ ಕಾಣಬೇಕು ಅಂದ್ರ ಹೆಂಗ? ಅಂಥವನ ಹಿಂದ ಅಷ್ಟು ಜನ ಯಾಕ ಹೋದರು ಅನ್ನೋದೂ ಪ್ರಶ್ನೆ ಅಲ್ಲೇನ್ರಿ? ಏನೋ ಒಂದು ಸೆಳೆತ ಇತ್ತು ಅಂತಲೇ ಹೋಗಿದ್ದಾರೆ. ಡೇನಿಯಲ್ ವೂ ಆ ಸೆಳೆತ ತೋರಿಸಿದ್ದಾನೆ. ಅದು ತಪ್ಪಲ್ಲ.

ಶರಾವತಿ
ಸೆಳೆತ ತೋರಿಸಲಿ ಸಾರ್, ಬೇಡ ಅಂದಿಲ್ಲ. ಅದರ ಕೆಳಗಿನ ಹೆದರಿಕೆಯನ್ನೂ ತೋರಿಸಲಿ. ಗ್ಯಾಂಗಿನವರು ಅವನ ಜೊತೆ ಇದ್ದದ್ದು ಅರ್ಧ ಆಸೆಗೆ, ಅರ್ಧ ಭಯಕ್ಕೆ. ಸಿನಿಮಾದಲ್ಲಿ ಆಸೆ ಮಾತ್ರ ಇದೆ.

ಖಜಾನೆ
ನಾನು ಬ್ಯಾಂಕ್‌ನಲ್ಲಿ ಕ್ಯಾಶ್ ವಿಭಾಗದಲ್ಲಿದ್ದು ರಿಟೈರ್ ಆದವನು. ಸಿನಿಮಾದ ಗುಣ ದೋಷ ನನಗೆ ಅಷ್ಟು ತಿಳಿಯಲ್ಲ. ಹಣದ ಗಾಡಿಯ ದೃಶ್ಯದ ಬಗ್ಗೆ ಮಾತ್ರ ಹೇಳ್ತೇನೆ.

ಗಾಡಿ ಓಡುತ್ತಿರುವಾಗ ದೋಚೋದು ಸಿನಿಮಾದಲ್ಲಿ ಚಂದ. ನಿಜವಾಗಿ ಅಪಾಯ ಇರೋದು ಗಾಡಿ ನಿಂತಾಗ. ಶಾಖೆ ಬಾಗಿಲಿಂದ ಗಾಡಿ ಬಾಗಿಲವರೆಗಿನ ಆ ನಾಲ್ಕು ಹೆಜ್ಜೆ. ಪೆಟ್ಟಿಗೆ ಕೈಯಲ್ಲಿರುತ್ತೆ, ಗಾಡಿ ಬಾಗಿಲು ತೆರೆದಿರುತ್ತೆ, ಗಾರ್ಡ್‌ಗಳ ಗಮನ ಹಣದ ಮೇಲಿರುತ್ತೆ. ದಿನಾ ಅದೇ ಗಾಡಿ, ಅದೇ ಹೊತ್ತು, ಅದೇ ಬಾಗಿಲು. ಎದುರಿನ ಟೀ ಅಂಗಡಿಯಲ್ಲಿ ಒಂದು ವಾರ ಕೂತವನಿಗೆ ಎಲ್ಲಾ ಬಾಯಿಪಾಠ ಆಗಿಬಿಡುತ್ತೆ. ಮೇಲೆ ಹೇಳಿದ ಚಾಂಗ್ಡೆ ದಾಳಿ ಕೂಡ ಶಾಖೆಯ ಎದುರೇ ನಡೆದದ್ದು ಅಂದಿರಿ, ನನಗೆ ಆಶ್ಚರ್ಯ ಆಗಲಿಲ್ಲ.

ಗಾರ್ಡ್ ಹತ್ತಿರ ಕೋವಿ ಇದ್ದರೆ ಸಾಲದು. ಎದುರಿನವನು ಮೊದಲು ಗುಂಡು ಹಾರಿಸೋಕೆ ತಯಾರಾಗಿ ಬಂದಿರುತ್ತಾನೆ. ಗಾರ್ಡ್‌ಗೆ ಆ ತಯಾರಿ ಇರಲ್ಲ, ಅವನು ಬಂದಿರೋದು ಸಂಬಳಕ್ಕೆ.

ಬಂದರಿನವ
ಖಜಾನೆ ಸಾರ್, ನಾನು ಗ್ವಾಂಗ್‌ಝೌನಲ್ಲಿ ಕೆಲವು ವರ್ಷ ಇದ್ದೆ ಮಾರಾಯ್ರೆ, ಟೈಲ್ಸ್ ವ್ಯಾಪಾರದವರ ಹತ್ತಿರ ಕೆಲಸ. ಅಲ್ಲಿ ಬ್ಯಾಂಕ್ ಎದುರು ಹಣದ ಗಾಡಿ ಬಂದರೆ ನೋಡಬೇಕು. ಹೆಲ್ಮೆಟ್, ಗುಂಡು ತಡೆಯುವ ಕೋಟು ಹಾಕಿದವರು ಉದ್ದ ಕೋವಿ ಹಿಡಿದು ಎರಡು ಕಡೆ ನಿಲ್ಲುತ್ತಾರೆ. ಬೆನ್ನು ಗಾಡಿ ಕಡೆ, ಮುಖ ರಸ್ತೆ ಕಡೆ. ಹತ್ತಿರ ಹೋದರೆ ಗದರಿಸುತ್ತಾರೆ. ಮೊಬೈಲ್ ಎತ್ತಿದರಂತೂ ಕೇಳೋದೇ ಬೇಡ. ಊರಿನ ಜನ ತಾವಾಗಿಯೇ ಸುತ್ತು ಹಾಕಿ ಹೋಗುತ್ತಾರೆ. ನಾನು ಮೊದಲ ಸಲ ನೋಡಿ ಏನೋ ಗಲಾಟೆ ಆಗಿದೆ ಅಂದುಕೊಂಡೆ.

ನನ್ನ ಜೊತೆ ಕೆಲಸ ಮಾಡುವ ಹುನಾನ್‌ನ ಒಬ್ಬರು ಹೇಳಿದ್ದು, ಅವರು ಚಿಕ್ಕವರಿದ್ದಾಗ ಮನೆಯಲ್ಲಿ ಮಕ್ಕಳನ್ನು ಹೆದರಿಸೋಕೆ ಝಾಂಗ್ ಜುನ್ ಹೆಸರು ಹೇಳ್ತಿದ್ದರಂತೆ. ಸಿನಿಮಾ ನೋಡಿದಿರಾ ಅಂತ ಕೇಳಿದೆ. ಬೇಡ ಅಂತ ಕೈಯಾಡಿಸಿದರು.

ಹಳೇಪ್ರೊಜೆಕ್ಟರ್
ಬಂದರಿನವರು ಹೇಳಿದ ಆ ವ್ಯವಸ್ಥೆಗೆ ಹಿನ್ನೆಲೆ ಇದೆ. 1996ರಲ್ಲಿ ಚೀನಾ ಬಂದೂಕು ನಿಯಂತ್ರಣ ಕಾಯಿದೆ ತಂದಿತು. 2002ರಲ್ಲಿ ಹಣ ಸಾಗಿಸುವ, ಕಾವಲು ಕಾಯುವ ಗಾರ್ಡ್‌ಗಳು ಕೋವಿಯನ್ನು ಹೇಗೆ ಬಳಸಬೇಕು ಅನ್ನೋದಕ್ಕೇ ಬೇರೆ ನಿಯಮ ಬಂತು. ಚಾಂಗ್ಡೆ ಆಗಿ ಎರಡು ವರ್ಷ ಕೂಡ ತುಂಬಿರಲಿಲ್ಲ. ಅದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಆ ದಶಕದ ಭಯ ಎಷ್ಟಿತ್ತು ಅನ್ನೋದು ಗೊತ್ತಾಗುತ್ತೆ.

ರಾತ್ರಿಪಾಳಿ
ಒಂದು ಪ್ರಶ್ನೆ. ಅಷ್ಟು ವರ್ಷ ಸಿಗದೇ ಇದ್ದದ್ದು ಹೇಗೆ? ಸಿನಿಮಾದಲ್ಲಿ ಅವನು ಮಹಾ ಬುದ್ಧಿವಂತ ಅನ್ನುವ ಹಾಗೆ ತೋರಿಸಿದ್ದಾರೆ.

ಹಳೇಪ್ರೊಜೆಕ್ಟರ್
ಬುದ್ಧಿವಂತ ಇರಬಹುದು. ಅದಕ್ಕಿಂತ ಜಾಸ್ತಿ ಕಾಲ ಅವನಿಗೆ ಅನುಕೂಲವಾಗಿತ್ತು. ತೊಂಬತ್ತರ ಚೀನಾ ನೆನೆಸಿಕೊಳ್ಳಿ. ಸರ್ಕಾರಿ ಕಾರ್ಖಾನೆಗಳು ಮುಚ್ಚುತ್ತಿವೆ. ಹಳ್ಳಿಯಿಂದ ಕೋಟಿಗಟ್ಟಲೆ ಜನ ಕೆಲಸ ಹುಡುಕಿಕೊಂಡು ಊರೂರು ಅಲೆಯುತ್ತಿದ್ದಾರೆ. ರೈಲು ನಿಲ್ದಾಣದಲ್ಲಿ ಒಂದು ಚೀಲ ಹೊತ್ತ ಅಪರಿಚಿತ ಗಂಡಸು ಅಂದರೆ ಯಾರೂ ತಿರುಗಿ ನೋಡಲ್ಲ, ಅಂಥವರು ಸಾವಿರ ಜನ ಇದ್ದಾರೆ. ರಸ್ತೆಯಲ್ಲಿ ಕ್ಯಾಮೆರಾ ಇಲ್ಲ. ಒಂದು ಪ್ರಾಂತ್ಯದಲ್ಲಿ ಕೊಲೆ ಮಾಡಿ ಇನ್ನೊಂದು ಪ್ರಾಂತ್ಯದಲ್ಲಿ ಮನೆ ಮಾಡಿಕೊಂಡರೆ ಎರಡೂ ಕಡೆಯ ಪೊಲೀಸರ ಕಡತ ಒಂದೇ ಮೇಜಿಗೆ ಬರೋಕೆ ವರ್ಷಗಳೇ ಬೇಕು. ಅವನು ಕೈ ಹಾಕಿದ ಊರುಗಳ ನಡುವೆ ಪ್ರಾಂತ್ಯದ ಗಡಿಗಳಿವೆ. ಅದು ಸುಮ್ನೆ ಆದದ್ದಲ್ಲ.

ಸಿನಿಮಾದಲ್ಲಿ ನನಗೆ ಇಷ್ಟವಾದದ್ದು ಈ ಭಾಗ. ಪೇಜರ್, ದೊಡ್ಡ ಮೊಬೈಲು, ಸಿಗರೇಟ್ ಹೊಗೆ ತುಂಬಿದ ಪೊಲೀಸ್ ಕೋಣೆ, ಗೋಡೆಗೆ ಅಂಟಿಸಿದ ನಕ್ಷೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಕಳ್ಳನ ಮನೆ ಹುಡುಕುವ ಪೊಲೀಸರಲ್ಲ ಇವರು. ಜನರನ್ನು ಕೇಳಿ, ಕಾಲು ಸವೆಸಿ, ಕಾಯಬೇಕು.

ಕಡ್ಲೆಪುರಿ
ಈಗಿನ ಚೀನಾದಲ್ಲಾದರೆ ಬೆಳಿಗ್ಗೆ ದೋಚಿದವನು ಮಧ್ಯಾಹ್ನದ ಊಟಕ್ಕೆ ಲಾಕಪ್‌ನಲ್ಲಿ. ಕಂಬಕ್ಕೊಂದು ಕ್ಯಾಮೆರಾ ಅಂತೆ.

ಹಳೇಪ್ರೊಜೆಕ್ಟರ್
ಅಷ್ಟು ಸುಲಭ ಇಲ್ಲ ಗುರು. ಝೌ ಕೆಹುವಾ ಅಂತ ಇನ್ನೊಬ್ಬ ಇದ್ದ. 2004ರಿಂದ 2012ರವರೆಗೆ ಚೊಂಗ್‌ಚಿಂಗ್, ಚಾಂಗ್ಶಾ, ನಾನ್‌ಜಿಂಗ್‌ನಲ್ಲಿ ಒಬ್ಬನೇ ಕೊಂದು ದೋಚಿದ. ಬ್ಯಾಂಕಿನಿಂದ ಹಣ ತಗೊಂಡು ಹೊರಗೆ ಬಂದವರೇ ಅವನ ಗುರಿ. ಅವನ ಮುಖ ಕ್ಯಾಮೆರಾದಲ್ಲಿ ಸಿಕ್ಕಿತ್ತು, ಊರ ತುಂಬಾ ಪೋಸ್ಟರ್ ಅಂಟಿಸಿದ್ದರು. ಆದರೂ 2012ರ ಆಗಸ್ಟ್ 14ರಂದು ಚೊಂಗ್‌ಚಿಂಗ್‌ನಲ್ಲಿ ಪೊಲೀಸರ ಗುಂಡಿಗೆ ಬೀಳುವವರೆಗೂ ಕೈಗೆ ಸಿಗಲಿಲ್ಲ. ಸತ್ತದ್ದು ಅವನೇ ಅಲ್ಲ ಅಂತ ಇಂಟರ್ನೆಟ್‌ನಲ್ಲಿ ಗುಲ್ಲೆದ್ದಿತ್ತು ಬೇರೆ.

ಬಂದರಿನವ
ಈಗ ಅಲ್ಲಿ ದೋಚೋಕೆ ನೋಟೇ ಇಲ್ಲ ಮಾರಾಯ್ರೆ. ತರಕಾರಿ ಅಜ್ಜಿಯೂ ಕ್ಯೂಆರ್ ಕೋಡ್ ಇಟ್ಟುಕೊಂಡಿರುತ್ತಾರೆ. ನಾನು ಒಂದು ಸಲ ನೂರು ಯುವಾನ್ ನೋಟು ಕೊಟ್ಟೆ, ಚಿಲ್ಲರೆಗೆ ಪಕ್ಕದ ಮೂರು ಅಂಗಡಿ ಸುತ್ತಿ ಬಂದರು ಪಾಪ.

ಧಾರವಾಡದವ
ಒಂದು ಮಾತು ಕೇಳ್ತೀನಿ, ಯಾರೂ ಸಿಟ್ಟಾಗಬ್ಯಾಡ್ರಿ. ನಿಜ ಕಥೆ ಅಂತಾರ, ಮತ್ತ ಊರಿನ ಹೆಸರೂ ಬದಲು, ಮನುಷ್ಯರ ಹೆಸರೂ ಬದಲು. ಇದು ಅಂಜಿಕೆ ಅಲ್ಲೇನು? ನಮ್ಮ 'ದಂಡುಪಾಳ್ಯ' (2012) ನೋಡ್ರಿ. ಊರಿನ ಹೆಸರನ್ನೇ ಸಿನಿಮಾಕ್ಕ ಇಟ್ಟರು. ಆ ಧೈರ್ಯ ಬೇಕು.

ಶರಾವತಿ
ಧೈರ್ಯಾನಾ ಅದು? ಆ ಊರಿನಲ್ಲಿ ಹುಟ್ಟಿದ, ಯಾವ ಗ್ಯಾಂಗಿಗೂ ಸಂಬಂಧ ಇಲ್ಲದ ಒಬ್ಬ ಹುಡುಗ ಕಾಲೇಜಿನಲ್ಲಿ ಊರ ಹೆಸರು ಹೇಳಿದರೆ ಪಕ್ಕದವರು ಏನಂತಾರೆ ಯೋಚಿಸಿ. ಚೀನಾದವರು ಊರಿನ ಹೆಸರು ಬದಲಿಸಿದ್ದು ಸೆನ್ಸಾರ್‌ಗೆ ಹೆದರಿಯೇ ಇರಬಹುದು. ಆದರೂ ಅದರಿಂದ ಚಾಂಗ್ಡೆಯವರಿಗೆ ಒಳ್ಳೆಯದೇ ಆಯಿತು. ಸತ್ತವರ ಮನೆಯವರು ಅಲ್ಲೇ ಇದ್ದಾರೆ. 2000 ಅಂದರೆ ಎಷ್ಟು ಹಿಂದಿನ ಮಾತು? ಆಗ ಐದು ವರ್ಷದ ಮಗು ಈಗ ಮೂವತ್ತರ ಮನುಷ್ಯ.

'ದಂಡುಪಾಳ್ಯ'ದ ಬಗ್ಗೆ ನನ್ನ ದೂರು ಇದರ ತದ್ವಿರುದ್ಧ. ಅಲ್ಲಿ ಕ್ರೌರ್ಯವನ್ನು ಅಷ್ಟು ಹತ್ತಿರದಿಂದ ತೋರಿಸಿದರು, ನೋಡುವವನಿಗೆ ಅದೇ ರುಚಿ ಆಯಿತು. ಇಲ್ಲಿ ಕ್ರೌರ್ಯವನ್ನು ತೊಳೆದು ಇಸ್ತ್ರಿ ಹಾಕಿದ್ದಾರೆ. ಎರಡೂ ಕಡೆ ಸತ್ತವರಿಗೆ ಜಾಗ ಇಲ್ಲ.

ಧಾರವಾಡದವ
ಊರಿನ ಹೆಸರಿನ ಮಾತು ಒಪ್ಪಿದೆ ಅಕ್ಕಾರ. ಉಳಿದದ್ದಕ್ಕ ಇನ್ನೊಮ್ಮೆ ಜಗಳ ಆಡೋಣ.

ಕಡ್ಲೆಪುರಿ
ಸರಿ, ನನಗೊಂದು ಅನುಮಾನ. ಚೀನಾದ ಸಿನಿಮಾದಲ್ಲಿ ಕಳ್ಳ ಯಾವತ್ತೂ ಗೆಲ್ಲಲ್ವಾ? ಒಂದೇ ಒಂದು ಸಿನಿಮಾದಲ್ಲೂ?

ಹಳೇಪ್ರೊಜೆಕ್ಟರ್
ಮುಖ್ಯ ಚೀನಾದ ಥಿಯೇಟರಿಗೆ ಬರಬೇಕು ಅಂದರೆ ಕಷ್ಟ. ಅಲ್ಲಿ ನಮ್ಮ ಹಾಗೆ ಯು, ಎ ಅಂತ ವಯಸ್ಸಿನ ಸರ್ಟಿಫಿಕೇಟ್ ಇಲ್ಲ. ಒಂದೇ ಅನುಮತಿ. ಸಿಕ್ಕರೆ ಮಗುವೂ ನೋಡಬಹುದು, ಅಜ್ಜನೂ ನೋಡಬಹುದು. ಆದ್ದರಿಂದ ಅಪರಾಧದ ಕಥೆ ಮಾಡುವವರು ಅಪರಾಧಿಗೆ ಶಿಕ್ಷೆ ಆಯಿತು ಅಂತ ಗಟ್ಟಿಯಾಗಿ ಹೇಳಲೇಬೇಕು. ಎಷ್ಟೋ ಸಿನಿಮಾಗಳ ಕೊನೆಯಲ್ಲಿ ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಬರುತ್ತೆ: ಇಂಥವನಿಗೆ ಇಷ್ಟು ವರ್ಷ, ಇಂಥವನಿಗೆ ಮರಣದಂಡನೆ. ಕಥೆಗೆ ಬೇಕಾಗಿಲ್ಲದಿದ್ದರೂ ಬರುತ್ತೆ.

ಹಾಂಕಾಂಗ್ ಬೇರೆ. ಅಲ್ಲಿ ವಯಸ್ಸಿನ ವರ್ಗೀಕರಣ ಇದೆ, ಕಥೆಗಳಲ್ಲಿ ಜಾಗವೂ ಜಾಸ್ತಿ. ಈ ಸಿನಿಮಾದ ನಿರ್ದೇಶಕ ಲಾವ್ ಹೋ-ಲಿಯುಂಗ್ ಹಾಂಕಾಂಗ್‌ನವರು. ಅವರ ಹಿಂದೆ ಹಾಂಕಾಂಗ್ ದರೋಡೆ ಸಿನಿಮಾಗಳ ದೊಡ್ಡ ಪರಂಪರೆ ಇದೆ. 1984ರಲ್ಲೇ ಜಾನಿ ಮ್ಯಾಕ್ ಅವರ 'ಲಾಂಗ್ ಆರ್ಮ್ ಆಫ್ ದ ಲಾ' ಬಂತು. ಚೀನಾದಿಂದ ಗಡಿ ದಾಟಿ ಬಂದು ಹಾಂಕಾಂಗ್‌ನ ಚಿನ್ನದಂಗಡಿ ದೋಚಲು ಹೊರಟವರ ಕಥೆ. ಕೊನೆಗೆ ಕೌಲೂನ್ ವಾಲ್ಡ್ ಸಿಟಿಯ ಕತ್ತಲ ಓಣಿಗಳಲ್ಲಿ ಮುಗಿಯುತ್ತೆ.

ಆಮೇಲೆ ಅಂಥದ್ದು ನಿಜವಾಗಿಯೂ ನಡೆಯಿತು. ಯಿಪ್ ಕಾಯ್-ಫೂನ್ ಹೆಸರು ಕೇಳಿರಬಹುದು. ಗುವಾಂಗ್‌ಡಾಂಗ್‌ನ ಹಾಯ್‌ಫೆಂಗ್‌ನವನು. 1991ರ ಜೂನ್ 9ರಂದು ಅವನ ಗ್ಯಾಂಗು ಹಾಂಕಾಂಗ್‌ನ ಕ್ವುನ್ ಟಾಂಗ್‌ನಲ್ಲಿ ಎಕೆ-47 ಹಿಡಿದು ಒಂದೇ ರಸ್ತೆಯ ಐದು ಚಿನ್ನದಂಗಡಿ ದೋಚಿತು. ಹಗಲು ಹೊತ್ತಿನಲ್ಲಿ, ಪೊಲೀಸರ ಜೊತೆ ಗುಂಡಿನ ಚಕಮಕಿ ನಡೆಸುತ್ತಾ. 1996ರಲ್ಲಿ ಗುಂಡು ಬಿದ್ದು ಸಿಕ್ಕಿಬಿದ್ದ, ಸೊಂಟದ ಕೆಳಗೆ ಸ್ವಾಧೀನ ಹೋಯಿತು. 2017ರಲ್ಲಿ ಕೈದಿಯಾಗಿದ್ದಾಗಲೇ ಸತ್ತ.

ರಾತ್ರಿಪಾಳಿ
'ಟ್ರೈವಿಸಾ' ಅವನದೇ ಕಥೆ ಅಲ್ವಾ?

ಹಳೇಪ್ರೊಜೆಕ್ಟರ್
ಅವನು ಮತ್ತು ಇನ್ನಿಬ್ಬರು. ಒಬ್ಬ ಚಿನ್ನದಂಗಡಿ ದೋಚುತ್ತಿದ್ದ ಕ್ವಾಯ್ ಪಿಂಗ್-ಹುಂಗ್. ಇನ್ನೊಬ್ಬ ಚೆಯುಂಗ್ ಝೆ-ಕೆಯುಂಗ್, 1996ರಲ್ಲಿ ಹಾಂಕಾಂಗ್‌ನ ಅತಿ ಶ್ರೀಮಂತ ಲಿ ಕಾ-ಶಿಂಗ್ ಮಗನನ್ನು ಅಪಹರಿಸಿ ನೂರು ಕೋಟಿ ಹಾಂಕಾಂಗ್ ಡಾಲರ್‌ಗೂ ಜಾಸ್ತಿ ವಸೂಲಿ ಮಾಡಿದವನು. ಅವನನ್ನು ಚೀನಾದಲ್ಲಿ ಹಿಡಿದು 1998ರ ಡಿಸೆಂಬರ್‌ನಲ್ಲಿ ಗ್ವಾಂಗ್‌ಝೌನಲ್ಲಿ ಮರಣದಂಡನೆ ಕೊಟ್ಟರು. 'ಟ್ರೈವಿಸಾ' (2016) ಈ ಮೂವರ ನೆರಳಿನಲ್ಲಿ ಕಟ್ಟಿದ ಕಥೆ. 1997ರಲ್ಲಿ ಹಾಂಕಾಂಗ್ ಚೀನಾಕ್ಕೆ ಸೇರುವ ಮುಂಚೆ ಮೂವರೂ ಒಟ್ಟಾಗುತ್ತಾರಂತೆ ಅಂತ ಒಂದು ಗಾಳಿಸುದ್ದಿ ಹಬ್ಬುತ್ತೆ, ಅಲ್ಲಿಂದ ಶುರು. ಮೂವರು ಹೊಸ ನಿರ್ದೇಶಕರು, ನಿರ್ಮಾಣ ಜಾನಿ ಟೋ. ಮುಂದಿನ ವರ್ಷ ಹಾಂಕಾಂಗ್‌ನಲ್ಲಿ ಅತ್ಯುತ್ತಮ ಚಿತ್ರ ಪ್ರಶಸ್ತಿ ಗೆದ್ದಿತು. 'ಕಾಟ್ ಇನ್ ಟೈಮ್' ಹತ್ತಿರ ಹೋಲಿಸಿದರೆ ಗುಂಡಿನ ಸದ್ದು ಕಮ್ಮಿ, ಒಳಗೆ ಕುದಿಯುವುದು ಜಾಸ್ತಿ. ಅದರಲ್ಲಿ ಯಿಪ್ ಪಾತ್ರದವನು ಬಂದೂಕು ಬಿಟ್ಟು ಕಳ್ಳಸಾಗಣೆಗೆ ಇಳಿದು, ಚೀನಾದ ಸಣ್ಣ ಪುಟ್ಟ ಅಧಿಕಾರಿಗಳ ಎದುರು ಹಲ್ಲು ಗಿಂಜಬೇಕಾಗುತ್ತೆ. ಆ ಅವಮಾನದ ದೃಶ್ಯಗಳು ಯಾವ ಗುಂಡಿನ ಕಾಳಗಕ್ಕೂ ಕಮ್ಮಿ ಇಲ್ಲ.

ಶರಾವತಿ
ಆ ಪಾತ್ರವನ್ನು ಯಾರಾದರೂ ಸ್ಟೈಲ್ ಅಂದುಕೊಳ್ಳೋಕೆ ಸಾಧ್ಯಾನಾ? ಅದೇ ನಾನು ಕೇಳ್ತಿರೋದು.

ಖಜಾನೆ
ಒಂದು ಸಣ್ಣ ಪ್ರಶ್ನೆ. ಸಿನಿಮಾದ ಪೊಲೀಸ್ ಪಾತ್ರಕ್ಕೂ ಅಸಲಿ ಮನುಷ್ಯ ಇದ್ದಾರಾ? ಝಾಂಗ್ ಜುನ್‌ನನ್ನು ಹಿಡಿದವರು ಯಾರು? ಅವರಿಗೆ ಒಳ್ಳೆ ಬಹುಮಾನ, ಬಡ್ತಿ ಸಿಕ್ಕಿರಬೇಕು.

ಹಳೇಪ್ರೊಜೆಕ್ಟರ್
ಸಾರ್, ಈ ಪ್ರಶ್ನೆ ಯಾರಾದರೂ ಕೇಳಲಿ ಅಂತ ಕಾಯ್ತಿದ್ದೆ.

ಸಿನಿಮಾದ ಪೊಲೀಸ್ ಕಲ್ಪಿತ ಪಾತ್ರ. ನಿಷ್ಠಾವಂತ, ಊಟ ನಿದ್ದೆ ಬಿಟ್ಟು ಬೆನ್ನು ಹತ್ತುವವನು. ಅಸಲಿ ಪ್ರಕರಣದಲ್ಲಿ ಮೂರು ಪ್ರಾಂತ್ಯದ ನೂರಾರು ಪೊಲೀಸರು ಕೆಲಸ ಮಾಡಿದ್ದರು. ಆದರೆ ಚೊಂಗ್‌ಚಿಂಗ್‌ನಲ್ಲಿ ಝಾಂಗ್ ಜುನ್ ಬಂಧನದ ನೇತೃತ್ವ ವಹಿಸಿದವರು, ಪತ್ರಿಕೆಗಳಲ್ಲಿ ಫೋಟೋ ಬಂದು ಹೀರೋ ಆದವರು ವೆನ್ ಚಿಯಾಂಗ್. ಆಗ ಚೊಂಗ್‌ಚಿಂಗ್ ಪೊಲೀಸ್ ಇಲಾಖೆಯ ಉಪ ಮುಖ್ಯಸ್ಥ. ಸೆರೆಸಿಕ್ಕ ಝಾಂಗ್ ಜುನ್‌ನ ಕೂದಲು ಹಿಡಿದು ಮುಖ ಎತ್ತಿಸಿದ ಒಂದು ಫೋಟೋ ಇದೆ, ಚೀನಾದಲ್ಲಿ ಬಹಳ ಜನ ನೋಡಿದ್ದಾರೆ.

ಬಡ್ತಿ ಸಿಕ್ಕಿತು. ಆಮೇಲೆ ನ್ಯಾಯ ಇಲಾಖೆಯ ಮುಖ್ಯಸ್ಥರೂ ಆದರು. 2009ರಲ್ಲಿ ಚೊಂಗ್‌ಚಿಂಗ್‌ನಲ್ಲಿ ಗೂಂಡಾ ಗ್ಯಾಂಗುಗಳ ವಿರುದ್ಧ ದೊಡ್ಡ ಕಾರ್ಯಾಚರಣೆ ಶುರುವಾಯಿತಲ್ಲ, ಬಲೆಗೆ ಬಿದ್ದ ಅತಿ ದೊಡ್ಡ ಮೀನು ಇದೇ ವೆನ್ ಚಿಯಾಂಗ್. ಲಂಚ, ಗ್ಯಾಂಗುಗಳಿಗೆ ರಕ್ಷಣೆ, ಅತ್ಯಾಚಾರ, ಎಲ್ಲಾ ಆರೋಪ ಸಾಬೀತಾದವು. ಮೀನಿನ ಕೊಳದ ಕೆಳಗೆ ಹಣದ ಕಟ್ಟು ಹೂತಿಟ್ಟಿದ್ದರು ಅಂತ ಪತ್ರಿಕೆಗಳು ಬರೆದವು. 2010ರ ಏಪ್ರಿಲ್‌ನಲ್ಲಿ ಮರಣದಂಡನೆ ಘೋಷಣೆ, ಜುಲೈ 7ರಂದು ಜಾರಿ. ಝಾಂಗ್ ಜುನ್‌ಗೆ ಶಿಕ್ಷೆಯಾಗಿ ಒಂಬತ್ತೇ ವರ್ಷ.

ಇಲ್ಲಿಗೆ ನಿಲ್ಲಲ್ಲ. ವೆನ್ ಚಿಯಾಂಗ್‌ನನ್ನು ಬೀಳಿಸಿದ ಕಾರ್ಯಾಚರಣೆ ನಡೆಸಿದ ಪೊಲೀಸ್ ಮುಖ್ಯಸ್ಥ ವಾಂಗ್ ಲಿಜುನ್. ಅವರೂ ಆಗ ಟಿವಿಯಲ್ಲಿ ಹೀರೋ. 2012ರ ಫೆಬ್ರವರಿಯಲ್ಲಿ ಅದೇ ವಾಂಗ್ ಲಿಜುನ್ ಜೀವ ಉಳಿಸಿಕೊಳ್ಳೋಕೆ ಚೆಂಗ್ಡುವಿನ ಅಮೆರಿಕನ್ ಕಾನ್ಸುಲೇಟ್‌ಗೆ ಓಡಿದರು. ಅದೇ ವರ್ಷ ಅವರಿಗೆ 15 ವರ್ಷ ಜೈಲಾಯಿತು. ಅವರ ಮೇಲಿದ್ದ, ಚೊಂಗ್‌ಚಿಂಗ್‌ನ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥ ಬೋ ಶಿಲಾಯ್‌ಗೆ 2013ರಲ್ಲಿ ಜೀವಾವಧಿ.

ಕಳ್ಳನನ್ನು ಹಿಡಿದವನಿಗೂ ಮರಣದಂಡನೆ ಆಯಿತು, ಅವನನ್ನು ಹಿಡಿದವನು ಜೈಲಿಗೆ ಹೋದ, ಅವನ ಯಜಮಾನನೂ ಹೋದ. ಈಗ ಹೇಳಿ, ಸಿನಿಮಾ ಬಂಧನಕ್ಕೇ ಮುಗಿದದ್ದು ಯಾಕೆ?

ಕಡ್ಲೆಪುರಿ
ಅಯ್ಯಪ್ಪಾ. ಇದರ ಮುಂದೆ ಸ್ನಾನದ ಮನೆ ಫೈಟ್ ಏನೂ ಅಲ್ಲ. ಇದನ್ನು ಯಾರೂ ಸಿನಿಮಾ ಮಾಡಿಲ್ವಾ?

ಬಂದರಿನವ
ಯಾರು ಮಾಡ್ತಾರೆ? ಮಾಡಿದರೆ ಅನುಮತಿ ಯಾರು ಕೊಡ್ತಾರೆ?

ರಾತ್ರಿಪಾಳಿ
ಇದನ್ನು ಓದಿದ ಮೇಲೆ ಸಿನಿಮಾದ ಪೊಲೀಸ್ ನನಗೆ ಬೇರೆ ಥರ ಕಾಣ್ತಿದ್ದಾನೆ. ಅವನಿಗೆ ಒಂದೂ ದೌರ್ಬಲ್ಯ ಇಲ್ಲ, ಹಣದ ಆಸೆ ಇಲ್ಲ, ಮೇಲಿನವರ ಜೊತೆ ದೊಡ್ಡ ಜಗಳವೂ ಇಲ್ಲ. ನೋಡುವಾಗ ವಾಂಗ್ ನಟನೆಯಿಂದ ಅದು ಮುಚ್ಚಿಹೋಗಿತ್ತು. ಎರಡೂ ಪಾತ್ರ ತೊಳೆದು ಇಟ್ಟವೇ ಅನ್ನಿ. ಕಳ್ಳನಿಗೆ ಸ್ಟೈಲು, ಪೊಲೀಸನಿಗೆ ಶೀಲ.

ಶರಾವತಿ
ನಾನು ಕಳ್ಳನ ಬಗ್ಗೆ ಮಾತ್ರ ಜಗಳ ಆಡ್ತಿದ್ದೆ. ಈಗ ಪೊಲೀಸನ ಬಗ್ಗೆಯೂ ಆಡಬೇಕಾಯಿತು.

ಒಂದು ಮಾತು ಮಾತ್ರ. ವೆನ್ ಚಿಯಾಂಗ್ ಆಮೇಲೆ ಏನೇ ಆಗಿರಲಿ, 2000ದ ಸೆಪ್ಟೆಂಬರ್‌ನಲ್ಲಿ ಝಾಂಗ್ ಜುನ್ ಸಿಕ್ಕಿದ್ದರಿಂದ ಇನ್ನೆಷ್ಟು ಜನ ಬದುಕಿಕೊಂಡರೋ. ಎರಡೂ ನಿಜ. ಎರಡನ್ನೂ ಒಂದೇ ಪಾತ್ರದಲ್ಲಿ ಇಟ್ಟು ಸಿನಿಮಾ ಮಾಡಿದ್ದರೆ ವಾಂಗ್ ಚಿಯಾನ್‌ಯುವಾನ್ ಅದನ್ನು ನುಂಗಿ ನೀರು ಕುಡಿದುಬಿಡ್ತಿದ್ದರು. ಅವರ ಮುಖದಲ್ಲಿ ಅದಕ್ಕೆ ಬೇಕಾದ್ದೆಲ್ಲಾ ಇದೆ.

ಧಾರವಾಡದವ
ನಾ ಒಂದು ಸಮಾಧಾನದ ಮಾತು ಹೇಳ್ತೀನಿ. ಒಂದೂವರೆ ತಾಸಿನ ಆ್ಯಕ್ಷನ್ ಸಿನಿಮಾ ರೀ ಇದು. ಅದರ ಹೆಗಲ ಮ್ಯಾಲ ಚೊಂಗ್‌ಚಿಂಗ್‌ನ ಇಡೀ ರಾಜಕಾರಣ ಹೊರಿಸಿದರ ಅದು ಎದ್ದು ಓಡೋದು ಹೆಂಗ? ಹೊಡೆದಾಟ ಚಂದ ಐತಿ, ಆ ಕಾಲ ಕಟ್ಟಿದ್ದು ಚಂದ ಐತಿ. ನಾ ನೋಡಿ ಖುಷಿಪಟ್ಟೆ. ಈ ಕಥೆ ಓದಿ ಇನ್ನೂ ಖುಷಿಪಟ್ಟೆ.

ಹಳೇಪ್ರೊಜೆಕ್ಟರ್
ಓಡಲಿ ಸಾರ್, ಬೇಡ ಅಂದವರು ಯಾರು. ನಿಜ ಘಟನೆ ಅನ್ನುವ ಹೆಸರಿನ ಮೇಲೆ ಟಿಕೆಟ್ ಮಾರಿದಾಗ ನಾವು ಇಷ್ಟು ಕೇಳಬಹುದು. ಸಿನಿಮಾ ಆಗಿ ನನ್ನ ಅಂಕ ಹತ್ತಕ್ಕೆ ಏಳು. ಅದರಲ್ಲಿ ಎರಡು ಸ್ನಾನದ ಮನೆಗೆ.

ಖಜಾನೆ
ನಾನು ಇನ್ನೊಂದು ಸಲ ನೋಡ್ತೇನೆ, ಗಾರ್ಡ್‌ಗಳನ್ನು ಮಾತ್ರ ನೋಡ್ತಾ. ಅವರಲ್ಲಿ ಒಬ್ಬರಿಗಾದರೂ ಹೆಸರಿದೆಯಾ ಅಂತ.

ರಾತ್ರಿಪಾಳಿ
ನೋಡಿ ಹೇಳಿ ಸಾರ್. ನಾನು ಈ ವಾರ 'ಟ್ರೈವಿಸಾ'. ಆಮೇಲೆ 'ಸೇವಿಂಗ್ ಮಿಸ್ಟರ್ ವೂ'. ಶರಾವತಿ ಮೇಡಂ, ನೀವು 'ಪೋರ್ಟ್ ಆಫ್ ಕಾಲ್' ನೋಡಿದರೆ ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇದರಲ್ಲೇ ಸೇರಿಸಬೇಡಿ. ಕಡ್ಲೆಪುರಿ ಅಲ್ಲಿಗೂ ಬಂದು ಸ್ಪಾಯ್ಲರ್ ಹಾಕ್ತಾನೆ, ಹುಷಾರು.

ಕಡ್ಲೆಪುರಿ
ಕೊಲೆ ಮಾಡಿದವನು ಸಿಕ್ಕಿಬೀಳ್ತಾನೆ. ಹಾಕಾಯ್ತು.

ಹಳೇಪ್ರೊಜೆಕ್ಟರ್
ಆ ಸಿನಿಮಾದಲ್ಲಿ ಅವನು ತಾನಾಗಿಯೇ ಬಂದು ಶರಣಾಗ್ತಾನೆ ಗುರು. ಅಲ್ಲಿಂದಲೇ ಕಥೆ.